ಭಾನುವಾರದ ಚರ್ಚೆಗೆ ಮುನ್ನ

ಸದಸ್ಯರ ಗಮನಕ್ಕೆ: ಭಾನುವಾರದ ವಿಷಯ, ಮುಸ್ಲಿಂ ಮಹಿಳೆಯರು ಮತ್ತು ಸಾರ್ವಜನಿಕ ಬದುಕು. ಮಾತು ಬರೀ ತಲೆವಸ್ತ್ರಕ್ಕೆ ಸಿಕ್ಕಿಕೊಳ್ಳದಿರಲಿ. ಫ್ರಾನ್ಸ್ 2004ರ ಕಾನೂನಿನಿಂದ ಸರ್ಕಾರಿ ಶಾಲೆಗಳಲ್ಲಿ ಅದನ್ನು ತೆಗೆಸಿತು. ಇರಾನ್ ಕಾನೂನಿನಿಂದಲೇ ಹೊದಿಸಿತು. ಎರಡೂ ಕಡೆ ತೊಡುವವಳನ್ನು ಕೇಳಿದವರು ಯಾರು ಎಂಬುದು ನನ್ನ ತಕರಾರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಇಬ್ತಿಹಾಜ್ ಮುಹಮ್ಮದ್ ಕತ್ತಿವರಸೆಯ ಮುಖಗವಸಿನೊಳಗೆ ಹಿಜಾಬ್ ತೊಟ್ಟೇ ತಂಡದೊಂದಿಗೆ ಕಂಚು ಗೆದ್ದರು. ಕತ್ತಿಯ ಬಗ್ಗೆಯೂ ಎರಡು ಮಾತು ಆಡೋಣ! ಓದು, ಉದ್ಯೋಗ, ಬಾಡಿಗೆ ಮನೆ, ಆಸ್ತಿಯ ಪಾಲು, ಚುನಾವಣೆಯ ಟಿಕೆಟ್, ಇವೂ ಚರ್ಚೆಗೆ ಬರಲಿ.

ಗುಂಪಿನ ಮುಸ್ಲಿಂ ಸದಸ್ಯೆಯರನ್ನು ಇಡೀ ಸಮುದಾಯದ ವಕ್ತಾರರೆಂಬಂತೆ ಪ್ರಶ್ನಿಸಬೇಡಿ. ಇಷ್ಟವಿದ್ದರೆ ಅವರೇ ಮೊದಲು ಮಾತನಾಡುತ್ತಾರೆ. ಎಲ್ಲಿಂದಲೋ ಬಂದ ವಿಡಿಯೊಗಳನ್ನು ಇಲ್ಲಿ ತಂದು ಸುರಿದರೆ ಕೇಳದೆ ಅಳಿಸುತ್ತೇನೆ.