ರಾತ್ರಿ ತಂಗುದಾಣದ ಅನುಮತಿ: ಅಭಿಪ್ರಾಯ ಬರೆಯುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮನೆಯಿಲ್ಲದವರ ರಾತ್ರಿ ತಂಗುದಾಣಕ್ಕೆ ಯೋಜನಾ ಅನುಮತಿ (ಕಟ್ಟಡವನ್ನು ಇಂಥ ಬಳಕೆಗೆ ಒಪ್ಪುವ ಸ್ಥಳೀಯ ಆಡಳಿತದ ಅನುಮತಿ) ಕೋರಿದ ಅರ್ಜಿ ಪರಿಶೀಲನೆಯಲ್ಲಿದೆ. ಬೆಂಬಲವಿರಲಿ, ಆಕ್ಷೇಪಣೆಯಿರಲಿ, ಅರ್ಜಿ ಸಂಖ್ಯೆ ನಮೂದಿಸಿ ಕೊನೆಯ ದಿನದೊಳಗೆ ಲಿಖಿತವಾಗಿ ಕಳಿಸಿ. ಈ ಗುಂಪಿನಲ್ಲಿ ಹಾಕಿದ ಮೆಸೇಜು ಕಡತಕ್ಕೆ ಸೇರುವುದಿಲ್ಲ.

ಕಟ್ಟಡದ ಬಳಕೆ ಬದಲಾವಣೆ, ಬೆಂಕಿ ಬಿದ್ದರೆ ಹೊರಬರುವ ದಾರಿ, ಮಲಗುವವರ ಸಂಖ್ಯೆಗೆ ತಕ್ಕಷ್ಟು ಶೌಚಾಲಯ, ಹೆಂಗಸರಿಗೆ ಪ್ರತ್ಯೇಕ ಕೋಣೆ, ರಾತ್ರಿಯಿಡೀ ಇರುವ ಮೇಲ್ವಿಚಾರಕರು – ಇಂಥ ವಿಷಯ ಬರೆದರೆ ತೂಕವಿರುತ್ತದೆ. ‘ಅಂಥವರು ಇಲ್ಲಿ ಬೇಡ’ ಎಂಬುದು ಯೋಜನಾ ಕಾರಣವೇ ಅಲ್ಲ; ದಯವಿಟ್ಟು ಹಾಗೆ ಬರೆಯಬೇಡಿ, ಓದಿದರೆ ಸಂಕಟವಾಗುತ್ತದೆ. ಗದ್ದಲದ ಆತಂಕವಿದ್ದವರು ಪ್ರವೇಶದ ವೇಳೆ, ದೂರು ಕೇಳುವ ಸಿಬ್ಬಂದಿ ಕುರಿತು ಷರತ್ತು ಹಾಕುವಂತೆ ಕೇಳಬಹುದು. ಷರತ್ತುಬದ್ಧ ಅನುಮತಿ ಸಾಮಾನ್ಯವೇ.

ನಾನಂತೂ ಬೆಂಬಲಿಸಿ ಬರೆಯುತ್ತಿದ್ದೇನೆ. ಬರೆಯಲು ನೆರವು ಬೇಕಿದ್ದವರು ಇಲ್ಲೇ ಕೇಳಿ.