ಹಿಮಚಿರತೆ ತೋರಿಸಿದವರಿಗೆ

ಕಳೆದ ಫೆಬ್ರುವರಿಯಲ್ಲಿ ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನದ ರುಂಬಕ್ ಕಣಿವೆಯಲ್ಲಿ ನಾನು ಹಿಮಚಿರತೆಯನ್ನು ಕಂಡೆ. ಅರವತ್ತೆರಡನೆಯ ವಯಸ್ಸಿನಲ್ಲಿ ಇದೇನು ಸಾಹಸವೆಂದು ಫೋಟೊ ನೋಡಿದವರೆಲ್ಲ ನನ್ನನ್ನೇ ಅಭಿನಂದಿಸುತ್ತಿದ್ದಾರೆ. ಆ ಅಭಿನಂದನೆ ಸಲ್ಲಬೇಕಾದವರು ಬೇರೆ ಇದ್ದಾರೆಂದು ಹೇಳದೆ ನನಗೆ ಸಮಾಧಾನವಿಲ್ಲ.

ಮೊದಲ ನಮಸ್ಕಾರ ನಮ್ಮ ಮಾರ್ಗದರ್ಶಿಗೆ. ಆ ಕಣಿವೆಯಲ್ಲೇ ಹುಟ್ಟಿ ಬೆಳೆದ ಅವರು ನನ್ನನ್ನು ‘ಮೇಮೆ-ಲೇ’, ಅಂದರೆ ಅಜ್ಜನವರೇ, ಎಂದು ಕರೆಯುತ್ತಿದ್ದರು. (ಅಷ್ಟು ವಯಸ್ಸು ಕಾಣುತ್ತದೆಯೇ ಎಂದು ಮೊದಲ ದಿನ ಸ್ವಲ್ಪ ಬೇಸರವಾದದ್ದು ನಿಜ.) ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಮೂರು ದಿನ ಸುಮ್ಮನಿದ್ದು ಮೈಯನ್ನು ಅಲ್ಲಿನ ಹವೆಗೆ ಒಗ್ಗಿಸಿಕೊಳ್ಳಬೇಕೆಂದು ಅವರು ಹೇಳಿದ್ದರೂ, ನಾನು ಎರಡನೆಯ ದಿನವೇ ಅರಮನೆಯ ಗುಡ್ಡ ಹತ್ತಿಳಿದು ಬಂದಿದ್ದೆ. ಸುಮಾರು 4,000 ಮೀಟರ್ ಎತ್ತರದ ರುಂಬಕ್ ಹಳ್ಳಿಯನ್ನು ತಲುಪಿದ ರಾತ್ರಿ ತಲೆ ಸಿಡಿಯತೊಡಗಿತು, ಊಟ ಸೇರಲಿಲ್ಲ. ಒಂದು ಉಸಿರಿಗೆ ಸಮುದ್ರಮಟ್ಟದಲ್ಲಿ ಸಿಗುವ ಆಮ್ಲಜನಕದ ಹೆಚ್ಚುಕಡಿಮೆ ಶೇ. 60ರಷ್ಟು ಮಾತ್ರ ಅಲ್ಲಿ ಸಿಗುತ್ತದೆಂದು ಓದಿ ತಿಳಿದಿದ್ದರೂ, ವಾಪಸು ಕಳಿಸಿಬಿಡುತ್ತಾರೆಂಬ ಭಯದಿಂದ ನಾನು ಬಾಯಿಬಿಡಲಿಲ್ಲ.

ಬೆಳಿಗ್ಗೆ ನನ್ನ ತಟ್ಟೆ ಖಾಲಿಯಾಗದ್ದನ್ನು ಅವರೇ ಗಮನಿಸಿದರು. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನೇರ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಯಲು ಹೇಳಿದರು. ತೂರಾಡಿದ್ದರೆ ಮಿದುಳಿಗೆ ಊತ ಬಂದಿರುವ ಅಪಾಯವಿತ್ತು. ನಾನು ತೂರಾಡಲಿಲ್ಲ, ಗೆದ್ದೆನೆಂದುಕೊಂಡೆ. ಆದರೂ ಅವರು ನನ್ನ ಚೀಲವನ್ನು ಹೆಗಲಿಗೇರಿಸಿ ಇಳಿಯುವ ದಾರಿ ಹಿಡಿದರು. ಹಳ್ಳಿಯ ಮೇಲಣ ಇಳಿಜಾರಿನಲ್ಲಿ ಹಿಮಚಿರತೆಯ ಹೊಸ ಹೆಜ್ಜೆಗುರುತು ಸಿಕ್ಕಿದ್ದು ಅದೇ ಮುಂಜಾನೆ. ಉಳಿದವರನ್ನು ಸಹಾಯಕನಿಗೆ ಒಪ್ಪಿಸಿ, ತಾವು ಹೆಪ್ಪುಗಟ್ಟಿದ ತೊರೆಯನ್ನು ಮತ್ತೆ ಮತ್ತೆ ದಾಟುತ್ತ ಜಿಂಗ್‌ಚೆನ್‌ವರೆಗೆ ನನ್ನ ತೋಳು ಹಿಡಿದು ನಡೆಸಿದ ಅವರು ದಾರಿಯುದ್ದಕ್ಕೂ ಒಂದು ಗದರಿಕೆಯ ಮಾತನ್ನೂ ಆಡಲಿಲ್ಲ. ಗದರಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಲೇಹ್‌ನಲ್ಲಿ ನನ್ನನ್ನು ಪರೀಕ್ಷಿಸಿದ ವೈದ್ಯರಿಗೂ, ಪೂರ್ತಿ ಗುಣವಾಗುವವರೆಗೆ ಮತ್ತೆ ಮೇಲೇರುವ ಮಾತೆತ್ತಬೇಡಿ ಎಂದ ಅವರ ಕಟ್ಟುನಿಟ್ಟಿಗೂ ನಾನು ಋಣಿ.

ಎರಡನೆಯ ಬಾರಿ ನಿಧಾನವಾಗಿ ಹತ್ತಿದೆವು. ಚಳಿಗಾಲದಲ್ಲಿ ಭರಲ್ ಎಂಬ ನೀಲಿ ಕುರಿಗಳು ಮೇವಿಗಾಗಿ ಕೆಳಗಿಳಿಯುತ್ತವೆ, ಹಿಮಚಿರತೆ ಅವುಗಳ ಬೆನ್ನು ಹಿಡಿಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಅದಕ್ಕೆ ಬೆದೆಯ ಕಾಲವೂ ಆದ್ದರಿಂದ ಬಂಡೆಗಳಿಗೆ ವಾಸನೆ ಸಿಂಪಡಿಸಿ, ನೆಲ ಕೆರೆದು ಗುರುತು ಬಿಡುತ್ತ ತಿರುಗುತ್ತದೆ. ಚಾಚಿಕೊಂಡ ಬಂಡೆಯೊಂದರ ಅಡಿಯನ್ನು ಮೂಸಿದ ನಮ್ಮ ಮಾರ್ಗದರ್ಶಿ ಟೆಲಿಸ್ಕೋಪನ್ನು ಎದುರಿನ ದಿಬ್ಬದತ್ತ ತಿರುಗಿಸಿ ಎರಡು ಗಂಟೆ ಕಾದರು. ಕೊನೆಗೆ ‘ಶಾನ್’, ಅಂದರೆ ಹಿಮಚಿರತೆ, ಎಂದು ಪಿಸುಗುಟ್ಟಿ ನನ್ನನ್ನು ಕರೆದರು. ಸುಮಾರು ಒಂದು ಕಿಲೋಮೀಟರ್ ದೂರ. ನನಗೆ ಕಂಡದ್ದು ಬರಿಯ ಕಲ್ಲು. ನನ್ನ ಉಸಿರು ತಾಗಿ ಗಾಜು ಮಂಜುಗಟ್ಟಿತು, ಅವರು ಒರೆಸಿದರು, ಮತ್ತೆ ಮಂಜುಗಟ್ಟಿತು, ಮತ್ತೆ ಒರೆಸಿದರು. ಮೂರನೆಯ ಸಲ ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ ಕಲ್ಲಿನ ಅಂಚೊಂದು ಮೆಲ್ಲನೆ ಮೇಲೆದ್ದು ಇನ್ನೊಂದು ಪಕ್ಕಕ್ಕೆ ಬಿದ್ದಿತು. ಅದು ಬಾಲ, ನನ್ನ ತೋಳಿಗಿಂತ ಉದ್ದವಾದ ದಪ್ಪನೆಯ ಬಾಲ. ಆಮೇಲೆ ಕಿವಿ ಮೂಡಿತು, ಬೂದು ಮೈಯ ಮೇಲಿನ ಮಚ್ಚೆಗಳು ಮೂಡಿದವು. ನಲವತ್ತು ನಿಮಿಷ ನೋಡಿದೆವು. ಅದರಲ್ಲಿ ಮುಕ್ಕಾಲು ಪಾಲು ಅದು ನಿದ್ದೆ ಮಾಡುತ್ತಿತ್ತು.

ಕ್ಯಾಮೆರಾದ ಬ್ಯಾಟರಿಗಳನ್ನು ರಾತ್ರಿಯಿಡೀ ತಮ್ಮ ಹಾಸಿಗೆಯಲ್ಲಿಟ್ಟು ಬೆಚ್ಚಗೆ ಕಾಪಾಡಿದ ಅಡುಗೆಯವರಿಗೂ ವಂದನೆ.

ನಾವು ತಂಗಿದ್ದ ಮನೆಯ ಆಮ-ಲೇ, ಎಂದರೆ ಅಮ್ಮನವರು, ಒಂದು ಸಂಜೆ ನನ್ನನ್ನು ಕುರಿದೊಡ್ಡಿಗೆ ಕರೆದೊಯ್ದರು. ಮಾಡಿನ ನಡುವಣ ತೆರಪಿಗೆ ಈಗ ಬಿಗಿಯಾದ ತಂತಿಬಲೆಯಿದೆ. ಹಿಂದೊಮ್ಮೆ ಆ ತೆರಪಿನಿಂದ ಒಳಗಿಳಿದ ಹಿಮಚಿರತೆ ಒಂದೇ ರಾತ್ರಿಯಲ್ಲಿ ಹನ್ನೊಂದು ಕುರಿಗಳನ್ನು ಕೊಂದಿತ್ತಂತೆ. ಭಾರತದಲ್ಲಿ ಅಂದಾಜಿಸಲಾದ 718 ಹಿಮಚಿರತೆಗಳಲ್ಲಿ 477 ಲಡಾಖಿನಲ್ಲೇ ಇವೆಯೆಂದು 2024ರಲ್ಲಿ ಪ್ರಕಟವಾದ ವರದಿಯನ್ನು ಓದಿ ನಾನು ಹಿಗ್ಗಿದ್ದೆ. ಆ 477ರ ಬಾಡಿಗೆ ಕಟ್ಟುತ್ತಿರುವವರು ಯಾರೆಂದು ಯೋಚಿಸಿದ್ದು ಆ ದೊಡ್ಡಿಯಲ್ಲಿ ನಿಂತಾಗಲೇ. ಅಂದು ಅದನ್ನು ಹೊಡೆದು ಕೊಲ್ಲದೆ ಬಾಗಿಲು ತೆರೆದು ಬಿಟ್ಟ ಆ ಮನೆಯವರಿಗೆ ನನ್ನ ಸಾಷ್ಟಾಂಗ ನಮಸ್ಕಾರ.

ನಾನು ತೆಗೆದ ಫೋಟೊದಲ್ಲಿ ಹಿಮಚಿರತೆ ಸಾಸಿವೆಯಷ್ಟಿದೆ. ಅದರ ಎರಡು ಪ್ರತಿಗಳನ್ನು ಕಳಿಸಿದ್ದೇನೆ, ಒಂದು ಮಾರ್ಗದರ್ಶಿಗೆ, ಇನ್ನೊಂದು ಆಮ-ಲೇಗೆ. ಫೋಟೊ ತಮಗೇಕೆ, ಅದು ಮನೆಗೇ ಬಂದು ಹೋಗಿದೆಯಲ್ಲ ಎಂದು ಆಕೆ ನಕ್ಕರೆಂದು ಮಾರ್ಗದರ್ಶಿ ಫೋನಿನಲ್ಲಿ ತಿಳಿಸಿದರು.