ಇಬ್ಬರಿದ್ದರೆ ಸಾಕು ಕಣೋ

ಗೆಳೆಯಾ,

ಬೇಸ್ (ತಗ್ಗು ಸ್ವರದ ಗಿಟಾರ್) ನುಡಿಸುತ್ತಿದ್ದವನು ಬಿಟ್ಟುಹೋದ, ಇನ್ನು ಉಳಿದಿರುವುದು ನಾನು, ತಂಗಿ ಇಬ್ಬರೇ, ಬ್ಯಾಂಡ್ ಮುಚ್ಚಿಬಿಡ್ತೀವಿ ಅಂತ ಬರೆದಿದ್ದೀಯ. ಓದಿ ತುಂಬಾ ಬೇಜಾರಾಯ್ತು. ಮುಚ್ಚುವ ಮೊದಲು ವೈಟ್ ಸ್ಟ್ರೈಪ್ಸ್ ಅನ್ನೋ ಇಬ್ಬರದೇ ರಾಕ್ ಬ್ಯಾಂಡಿನ ಕಥೆ ಕೇಳು.

ಅಮೆರಿಕದ ಡೆಟ್ರಾಯಿಟ್‌ನವರು. ಶುರುವಾಗಿದ್ದು 1997ರಲ್ಲಿ. ಹಾಡು, ಗಿಟಾರ್ ಜ್ಯಾಕ್ ವೈಟ್‌ನದು, ಡ್ರಮ್ಸ್ ಮೆಗ್ ವೈಟ್‌ಳದು. ಬೇಸ್ ಇಲ್ಲವೇ ಇಲ್ಲ. ಬಟ್ಟೆಗೂ ಮೂರೇ ಬಣ್ಣ: ಕೆಂಪು, ಬಿಳಿ, ಕಪ್ಪು. ಗಂಡ ಹೆಂಡತಿಯಾಗಿದ್ದರೂ ಜನರ ಮುಂದೆ ಅಕ್ಕ ತಮ್ಮ ಅಂತಲೇ ಹೇಳಿಕೊಂಡರು. 2000ರಲ್ಲಿ ವಿಚ್ಛೇದನವಾಯಿತು. ಆದರೂ ಬ್ಯಾಂಡ್ ನಿಲ್ಲಲಿಲ್ಲ.

2003ರಲ್ಲಿ ಬಂದ 'ಎಲಿಫೆಂಟ್' ಆಲ್ಬಮ್ಮಿನ ಹೆಚ್ಚಿನ ಭಾಗವನ್ನು ಲಂಡನ್ನಿನ ಟೋ ರ‍್ಯಾಗ್ ಅನ್ನೋ ಸ್ಟುಡಿಯೋದಲ್ಲಿ, ಎಂಟು ಟ್ರ್ಯಾಕಿನ ಹಳೇ ಟೇಪ್ ಮೆಷಿನ್ನಿನಲ್ಲಿ ರೆಕಾರ್ಡ್ ಮಾಡಿದರು. ಕಂಪ್ಯೂಟರ್ ಮುಟ್ಟಲಿಲ್ಲ. 'ಸೆವೆನ್ ನೇಷನ್ ಆರ್ಮಿ' ಇದೇ ಆಲ್ಬಮ್ಮಿನದು. ಫುಟ್‌ಬಾಲ್ ಸ್ಟೇಡಿಯಮ್ಮುಗಳಲ್ಲಿ ಸಾವಿರಾರು ಜನ ಒಟ್ಟಿಗೆ 'ಓ... ಓ ಓ' ಅಂತ ಕೂಗ್ತಾರಲ್ಲ, ಆ ಧಾಟಿ. ಬರೀ ಏಳು ಸ್ವರ. ಕೇಳಿದರೆ ಬೇಸ್ ಅಂತಲೇ ಅನ್ನಿಸುತ್ತೆ, ಆದರೆ ಅದು ಗಿಟಾರೇ. ಜ್ಯಾಕ್ ಕಾಲಲ್ಲಿ ಪೆಡಲ್ ಒತ್ತಿ ಅದರ ಸ್ವರವನ್ನು ಒಂದು ಸ್ಥಾಯಿ ಕೆಳಗಿಳಿಸಿದ್ದಾನೆ, ಅಷ್ಟೇ. ಬೇಸ್ ಇಲ್ಲದೆ ಹಾಡು ನಿಲ್ಲುತ್ತಾ ಅಂತ ಕೇಳಿದ್ದೆಯಲ್ಲ, ಒಂದ್ಸಲ ಇದನ್ನ ಹಾಕು.

ಆದರೆ ನಾನು ಹೇಳಬೇಕಿರುವುದು ಮೆಗ್ ಬಗ್ಗೆ. ಅವಳಿಗೆ ಡ್ರಮ್ಸ್ ಬಾರಿಸೋಕೇ ಬರಲ್ಲ ಅಂತ ಜನ ವರ್ಷಗಟ್ಟಲೆ ಆಡಿಕೊಂಡರು. ನನಗೆ ಅದು ಅನ್ಯಾಯ ಅನ್ನಿಸುತ್ತೆ. ಅದೇ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳು. ಗಿಟಾರಿನ ಕೆಳಗೆ ಧಕ್ ಧಕ್ ಧಕ್ ಅಂತ ಒಂದೇ ಸಮನೆ ಪೆಟ್ಟು. ಎಲ್ಲೂ ಅವಸರ ಇಲ್ಲ, ಕೈಚಳಕ ತೋರಿಸುವ ಆಸೆ ಇಲ್ಲ. ಆ ಪೆಟ್ಟು ಗಟ್ಟಿಯಾಗಿ ನಿಂತಿರೋದರಿಂದಲೇ ಜ್ಯಾಕ್ ತನಗೆ ಬೇಕಾದ ಕಡೆ ಓಡ್ತಾನೆ, ನಿಲ್ತಾನೆ, ತಿರುಗಿ ಬರ್ತಾನೆ. ಜಾಸ್ತಿ ಬಾರಿಸುವವರು ಅಲ್ಲಿ ಕೂತಿದ್ದರೆ ಆ ಹಾಡು ಹಾಗೆ ಇರುತ್ತಿರಲಿಲ್ಲ. ನಿನ್ನ ತಂಗಿ ಕಲಿತು ಎಂಟೇ ತಿಂಗಳು ಅಂತ ನೀನು ಹೆದರ್ತೀಯ. ಮೆಗ್ ಕೂಡ ಎಲ್ಲೂ ಪಾಠ ಹೇಳಿಸಿಕೊಂಡವಳಲ್ಲ. ಗಂಡನ ಡ್ರಮ್ಸ್ ಮುಂದೆ ಸುಮ್ನೆ ಕೂತು ಶುರು ಮಾಡಿದವಳು.

2007ರಲ್ಲಿ ಕೆನಡಾದ ಎಲ್ಲ ಪ್ರಾಂತ್ಯಗಳಲ್ಲೂ ನುಡಿಸಿದರು. ಸೇಂಟ್ ಜಾನ್ಸ್ ಅನ್ನೋ ಊರಿನಲ್ಲಿ ಒಂದೇ ಒಂದು ಸ್ವರ ನುಡಿಸಿ ಕಛೇರಿ ಮುಗಿಸಿಬಿಟ್ಟರು, ಪೂರ್ತಿ ಕಛೇರಿ ಸಂಜೆಗೆ ಇಟ್ಟುಕೊಂಡಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೆಗ್‌ಗೆ ತೀವ್ರ ಆತಂಕದ ತೊಂದರೆ ಕಾಡಿತು, ಪ್ರವಾಸ ರದ್ದಾಯಿತು. 2011ರ ಫೆಬ್ರವರಿಯಲ್ಲಿ ಬ್ಯಾಂಡ್ ಮುಗಿಯಿತು ಅಂತ ಹೇಳಿದರು. ಆರೇ ಸ್ಟುಡಿಯೋ ಆಲ್ಬಮ್. 2025ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅನ್ನೋ ದೊಡ್ಡ ಗೌರವದ ಸಾಲಿಗೆ ಸೇರಿಸಿಕೊಂಡಾಗ ಮೆಗ್ ಬರಲಿಲ್ಲ. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ.

ಭಾನುವಾರ ಬೆಳಿಗ್ಗೆ ನಿಮ್ಮ ಮಹಡಿ ರೂಮಿಗೆ ಬರ್ತೀನಿ. ಹಳೇ ಹಾಡುಗಳಲ್ಲಿ ಒಂದನ್ನು ಇಬ್ಬರೇ ನುಡಿಸಿ ತೋರಿಸಿ. ತಂಗಿಗೆ ಹೇಳು, ರೋಲ್ ಗೀಲ್ ಅಂತ ಸರಸರ ಬಾರಿಸೋದೇನೂ ಬೇಡ, ಕಾಲಲ್ಲಿ ಬಾರಿಸೋ ಕಿಕ್ ಡ್ರಮ್ ಪೆಟ್ಟು ಮಾತ್ರ ಬಿಡದೆ ಹಿಡಿದುಕೊಳ್ಳಲಿ.

ನಿನ್ನ ಗೆಳೆಯ